ಹೆಸರು ಬರೆಸಿ ಬನ್ನಿ

ಸಂತೆಯ ದಿನ ನಮ್ಮೂರ ಮೆಡಿಕಲ್ ಶಾಪಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಸೆರಗಿನ ಗಂಟು ಬಿಚ್ಚಿ, ಬಿ.ಪಿ. ಮಾತ್ರೆಯ ಖಾಲಿ ಪಟ್ಟಿ ತೋರಿಸಿ, "ಇದರಲ್ಲೇ ನಾಲ್ಕು ಕೊಡಪ್ಪಾ, ಮಿಕ್ಕಿದ್ದು ಮುಂದಿನ ಸಂತೆಗೆ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಅಂಗಡಿಯ ಹುಡುಗ ಕತ್ತರಿ ತೆಗೆದು ಪಟ್ಟಿ ಕತ್ತರಿಸುತ್ತಾನೆ. ವಾರಕ್ಕೆ ಏಳು ದಿನ, ಮಾತ್ರೆ ನಾಲ್ಕು. ಉಳಿದ ಮೂರು ದಿನ ದೇವರ ಮೇಲೆ ಭಾರ.

ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರು ಎರಡು ವರ್ಷ ಹೀಗೇ ತಳ್ಳಿದರು. ಅದೇ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗಬೇಕಿತ್ತು. ಮೂರು ಸಲ ಹೋದರು, ಮೂರು ಸಲವೂ "ಸ್ಟಾಕ್ ಬಂದಿಲ್ಲ, ಹೊರಗೆ ತಗೊಳ್ಳಿ". ನಾಲ್ಕನೇ ಸಲ ಹೋಗಲಿಲ್ಲ. ಕಳೆದ ಮಳೆಗಾಲದಲ್ಲಿ ಲಕ್ವ ಹೊಡೆಯಿತು. ಸ್ಕ್ಯಾನು, ಖಾಸಗಿ ಆಸ್ಪತ್ರೆ, ಓಡಾಟ, ಫಿಸಿಯೋಥೆರಪಿ ಎಂದು ಮಗ ಹಾಲು ಕೊಡುತ್ತಿದ್ದ ಎರಡೂ ಹಸು ಮಾರಿದ. ಅಜ್ಜಿಯ ಬಲಗೈ ಇನ್ನೂ ಮೇಲೇಳುವುದಿಲ್ಲ.

ಸರ್ಕಾರ ಖರ್ಚು ಮಾಡದೆ ಬಿಟ್ಟ ದುಡ್ಡು ಉಳಿತಾಯವಾಗುವುದಿಲ್ಲ. ಯಾರದೋ ಕೊಟ್ಟಿಗೆಯಿಂದ ಹೊರಡುತ್ತದೆ, ಅಷ್ಟೆ. 2013-14ರಲ್ಲಿ ದೇಶದಲ್ಲಿ ಆರೋಗ್ಯಕ್ಕೆ ಖರ್ಚಾದ ಪ್ರತಿ ನೂರು ರೂಪಾಯಿಯಲ್ಲಿ 64 ರೂಪಾಯಿ ಜನರ ಜೇಬಿನದೇ ಆಗಿತ್ತು. 2021-22ರ ಹೊತ್ತಿಗೆ ಅದು 39ಕ್ಕೆ ಇಳಿಯಿತು, ಸರ್ಕಾರಗಳ ಪಾಲು 48ಕ್ಕೆ ಏರಿತು. ಇದು ಸಣ್ಣ ಮಾತಲ್ಲ, ಒಪ್ಪಬೇಕು. ಆದರೆ ಅದು ಕೋವಿಡ್ ಕಾಲದ ಲೆಕ್ಕ. ಆಗಲೂ ಸರ್ಕಾರಿ ವೆಚ್ಚ ಜಿಡಿಪಿಯ ಶೇ 1.84 ಮಾತ್ರ. 2025ಕ್ಕೆ ಶೇ 2.5 ಮುಟ್ಟಿಸುತ್ತೇವೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದುಕೊಂಡಿತ್ತು.

ಸರ್ಕಾರದ ದುಡ್ಡಿನಿಂದ ಜೀವ ಉಳಿಯುತ್ತದೆಯೇ ಎಂದು ಅನುಮಾನಿಸುವವರಿಗೆ ನಮ್ಮಲ್ಲೇ ಉತ್ತರವಿದೆ. 2010ರಲ್ಲಿ ಕಲಬುರಗಿ ಕಡೆ ಬಡವರಿಗಾಗಿ ವಾಜಪೇಯಿ ಆರೋಗ್ಯಶ್ರೀ ಎಂಬ ಸರ್ಕಾರಿ ಆರೋಗ್ಯ ವಿಮೆ ಯೋಜನೆ ಶುರುವಾಯಿತು. ಯೋಜನೆ ಬಂದ, ಬಾರದ ಒಟ್ಟು 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಹೃದ್ರೋಗ, ಕ್ಯಾನ್ಸರಿನಂಥ, ಯೋಜನೆಯಡಿ ಚಿಕಿತ್ಸೆಯಿದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು, ಯೋಜನೆ ಬಂದ ಊರುಗಳಲ್ಲಿ ಶೇ 64ರಷ್ಟು ಕಡಿಮೆಯಿತ್ತು. ಖಾಸಗಿ ಆಸ್ಪತ್ರೆಗಳೂ ಇದರಲ್ಲಿ ಸೇರಿದ್ದವು. ದುಡ್ಡು ಮಾತ್ರ ಸರ್ಕಾರದ್ದು. ಹಾಗಾಗಿ ಖಾಸಗಿಯವರನ್ನು ಬೈದು ಮುಗಿಸುವ ಬರಹ ಇದಲ್ಲ.

ಆದರೆ ಇಂಥ ಯೋಜನೆಯ ಕಾರ್ಡು ಕೈಹಿಡಿಯುವುದು ಹಾಸಿಗೆ ಹಿಡಿದ ಮೇಲೆ. ಹಾಸಿಗೆ ಹಿಡಿಯದಂತೆ ನೋಡಿಕೊಳ್ಳುವ ದಿನಕ್ಕೊಂದು ಮಾತ್ರೆ ಯೋಜನೆಯ ಚಿಕಿತ್ಸೆಗಳ ಪಟ್ಟಿಯಲ್ಲಿಲ್ಲ. ಅದು ಸಿಗಬೇಕಾದ್ದು ಆರೋಗ್ಯ ಕೇಂದ್ರದ ಕಿಟಕಿಯಲ್ಲಿ. ಪಕ್ಕದ ತಮಿಳುನಾಡು 1994ರಲ್ಲೇ ಔಷಧ ಖರೀದಿಗೆ ಪ್ರತ್ಯೇಕ ನಿಗಮ ಮಾಡಿ, ಒಂದೊಂದು ಆಸ್ಪತ್ರೆಗೂ ಬ್ಯಾಂಕಿನಂತೆ ಪಾಸ್‌ಬುಕ್ ಕೊಟ್ಟಿತು. ಆಸ್ಪತ್ರೆಗಳು ತಮ್ಮ ಪಾಲಿನೊಳಗೆ ಬೇಕಾದ ಔಷಧ ಎತ್ತಿಕೊಳ್ಳಬಹುದು. ಆರೋಗ್ಯ ವ್ಯವಸ್ಥೆಯನ್ನು ಅಳೆಯುವ ಇನ್ನೊಂದು ಲೆಕ್ಕ ನೋಡಿ: 2018-20ರಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕೇರಳದಲ್ಲಿ 19, ತಮಿಳುನಾಡಿನಲ್ಲಿ 54, ನಮ್ಮ ಕರ್ನಾಟಕದಲ್ಲಿ 69. ಈ ಅಂತರಕ್ಕೆ ಕಾರಣ ಹಲವು. ನಮ್ಮ ತಲಾ ಆದಾಯ ಕಡಿಮೆ ಎಂಬುದು ಮಾತ್ರ ಅದರಲ್ಲಿ ಸೇರುವುದಿಲ್ಲ.

ಈಗ ನನ್ನ ಬೇಡಿಕೆ. ಅದಕ್ಕೂ ಮುಂಚೆ ಒಂದು ವಿಷಯ. ಆರೋಗ್ಯ ಕೇಂದ್ರದಿಂದ ಹೋಗುವ ಇಂಡೆಂಟು, ಅಂದರೆ ಬೇಕಾದ ಔಷಧಗಳ ಪಟ್ಟಿ, ಹಿಂದೆ ಎಷ್ಟು ಖರ್ಚಾಯಿತು ಎಂಬುದನ್ನು ನೋಡಿಕೊಂಡೇ ಹೋಗುವಂಥದ್ದು. ಮಾತ್ರೆ ಇಲ್ಲದ ತಿಂಗಳು ಖರ್ಚು ಸೊನ್ನೆ. ಬರಿಗೈಲಿ ವಾಪಸಾದ ಅಜ್ಜಿ ಆ ಲೆಕ್ಕದಲ್ಲಿ ಕಾಯಿಲೆಯೇ ಇಲ್ಲದವರು. ಸಂಬಳ, ಪಿಂಚಣಿ ಇರುವ ನಾವಂತೂ ಆ ಗೇಟು ದಾಟಿ ವರ್ಷಗಳಾದವು. ಕೇಳುವ ಬಾಯಿದ್ದವರೆಲ್ಲ ಎದ್ದು ಬಂದ ಮೇಲೆ ಅಲ್ಲಿ ಯಾರು ಕೇಳಬೇಕು?

ದಯಮಾಡಿ ನೀವೂ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಡವರ ಮಾತ್ರೆಗೆ ನಾವು ಕೈಹಾಕಿದಂತಾಗುವುದಿಲ್ಲವೇ ಎಂದು ನನ್ನ ತಂಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ದಾಸ್ತಾನು ಕಮ್ಮಿಯಿದ್ದರೆ ಮಾತ್ರೆ ತರಬೇಡಿ, ಆದರೆ ಚೀಟಿ ಮಾಡಿಸಿ, ಬಿ.ಪಿ. ನೋಡಿಸಿ, ರಿಜಿಸ್ಟರಿನಲ್ಲಿ ಹೆಸರು ಬರೆಸಿ ಬನ್ನಿ. ಮಾತ್ರೆ ಇಲ್ಲವೆಂದು ಹೇಳಿದರೆ ಔಷಧದ ಹೆಸರು, ತಾರೀಖು ಬರೆದು ವೈದ್ಯಾಧಿಕಾರಿಗೊಂದು ಅರ್ಜಿ, ತಾಲ್ಲೂಕು ಆರೋಗ್ಯಾಧಿಕಾರಿಗೊಂದು ಪ್ರತಿ ಕೊಡಿ. ಸಿಸ್ಟರ್ ಮೇಲೆ ರೇಗಬೇಡಿ. ಇಲ್ಲದ್ದನ್ನು ಅವರು ಎಲ್ಲಿಂದ ತಂದಾರು? ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಎತ್ತಿ. ರಾಜ್ಯಗಳು ಬಜೆಟ್ಟಿನ ಶೇ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಇಡಬೇಕೆಂದು ಅದೇ 2017ರ ನೀತಿ ಹೇಳಿದೆ. ನಮ್ಮದೆಷ್ಟು ಎಂದು ವೋಟು ಕೇಳಲು ಬಂದವರನ್ನು ಕೇಳಿ.

ನಾನು ಎರಡು ತಿಂಗಳಿಂದ ಹೋಗುತ್ತಿದ್ದೇನೆ. ಮೊದಲ ತಿಂಗಳು ಸ್ಟಾಕ್ ಇರಲಿಲ್ಲ, ಅರ್ಜಿ ಬರೆದುಕೊಟ್ಟೆ. ಎರಡನೇ ತಿಂಗಳು ಇತ್ತು. ಅಜ್ಜಿಯ ಮಗನನ್ನೂ ಕರೆದೊಯ್ದು ಅಜ್ಜಿಯ ಹೆಸರು ಬರೆಸಿದೆ. ಮುಂದಿನ ಸೋಮವಾರ ಮತ್ತೆ ಹೋಗುವುದಿದೆ, ಒಂಬತ್ತೂವರೆಗೆ. ಜೊತೆಗೆ ಬರುವವರು ಹಳೇ ಚೀಟಿ ಮರೆಯದೆ ತನ್ನಿ.