ಉಚಿತ ಪೊಟ್ಟಣಕ್ಕೆ ಬಂದ ಹೊಗಳಿಕೆಯೂ ಜಾಹೀರಾತೇ

ಜೋಗೇಶ್ವರಿ: ಹಪ್ಪಳ, ಉಪ್ಪಿನಕಾಯಿ, ಸಾಂಬಾರು ಪುಡಿಯನ್ನು ಮನೆಯಲ್ಲೇ ತಯಾರಿಸಿ ಅಂತರ್ಜಾಲದ ಮೂಲಕ ಮಾರುವವರಿಗೆ ಜೋಗೇಶ್ವರಿಯಂಥ ಉಪನಗರದಲ್ಲಿ ಅಂಗಡಿ ಬಾಡಿಗೆಯ ಚಿಂತೆಯಿಲ್ಲ. ಚಿಂತೆ ಗಿರಾಕಿಯದು. ಜಾಹೀರಾತಿಗೆ ಬಂಡವಾಳವಿಲ್ಲದವರು ಅಡುಗೆಯ ಬ್ಲಾಗ್ ಬರೆಯುವವರಿಗೆ ಪೊಟ್ಟಣ ಕಳುಹಿಸಿ ನಾಲ್ಕು ಒಳ್ಳೆಯ ಮಾತು ಬರೆಸಿಕೊಳ್ಳುವುದು ಸಹಜ. ಆದರೆ ನಿಯಮದ ಪ್ರಕಾರ ಆ ಪೊಟ್ಟಣವೂ ಪ್ರತಿಫಲವೇ ಆಗಿದೆ.

ಮುಂಬಯಿಯಲ್ಲೇ ಕಚೇರಿಯಿರುವ ಜಾಹೀರಾತು ಮಾನದಂಡ ಮಂಡಳಿಯು 2021ರ ಜೂನ್ 14ರಿಂದ ಇಂಥ ಬರಹಗಳಿಗೆ 'ಜಾಹೀರಾತು' ಎಂಬ ಸೂಚನೆಯನ್ನು ಕಡ್ಡಾಯಗೊಳಿಸಿತು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯೂ ಮಾರ್ಗಸೂಚಿ ಹೊರಡಿಸಿದ್ದು, ಹಣ, ಉಡುಗೊರೆ, ಉಚಿತ ಸರಕು ಮಾತ್ರವಲ್ಲ, ಕುಟುಂಬ ಸಂಬಂಧವಿದ್ದರೂ ಅದನ್ನು ತಿಳಿಸಬೇಕೆಂದಿದೆ. ನಮ್ಮವರು ಎಡವುವುದು ಇಲ್ಲೇ. ನಮ್ಮಲ್ಲಿ ಬ್ಲಾಗ್ ಬರೆಯುವವರು ಹೆಚ್ಚಾಗಿ ನಾದಿನಿ, ಇಲ್ಲವೇ ತಂಗಿಯ ಮಗಳು! ಉಪ್ಪಿನಕಾಯಿ ನಿಜಕ್ಕೂ ರುಚಿಯಾಗಿದ್ದರೂ ಬಾಂಧವ್ಯ ಮುಚ್ಚಿಟ್ಟದ್ದು ಗೊತ್ತಾದರೆ ಗಿರಾಕಿ ಎರಡನೇ ಬಾರಿ ಬರುವುದಿಲ್ಲ. ಸಣ್ಣ ವ್ಯಾಪಾರ ನಡೆಯುವುದೇ ಎರಡನೇ ಬಾರಿ ಬರುವ ಗಿರಾಕಿಯಿಂದ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ. ವರೆಗೆ, ಮರುಕಳಿಸಿದರೆ 50 ಲಕ್ಷ ರೂ. ವರೆಗೆ ದಂಡ ವಿಧಿಸಬಹುದು. ಮನೆಯ ಉಪ್ಪಿನಕಾಯಿಯ ಮೇಲೆ ಅಷ್ಟು ದೊಡ್ಡ ಕತ್ತಿ ಬೀಸುವ ಸಂಭವ ಕಡಿಮೆ. ಆದರೂ 'ಮಧುಮೇಹ ಗುಣವಾಗುತ್ತದೆ' ಎಂದು ಮೆಂತ್ಯೆ ಪುಡಿಗೆ ಬರೆಸುವವರು ಎಚ್ಚರ ವಹಿಸುವುದು ಒಳಿತು.

ಬರೆಯುವವರು ವಸ್ತುವನ್ನು ಬಳಸಿ ನೋಡಿರಬೇಕೆಂಬುದೂ ಮಾರ್ಗಸೂಚಿಯಲ್ಲಿದೆ. ಸೂಚನೆಯನ್ನು ಟ್ಯಾಗ್‌ಗಳ ರಾಶಿಯಲ್ಲಿ ಹುದುಗಿಸುವಂತಿಲ್ಲ. 'ಈ ಪುಡಿಯನ್ನು ತಯಾರಕರು ಉಚಿತವಾಗಿ ಕಳುಹಿಸಿದ್ದರು, ಅವರು ನನ್ನ ಚಿಕ್ಕಮ್ಮ' ಎಂದು ಮೊದಲ ಸಾಲಿನಲ್ಲೇ ಬರೆಯುವಂತೆ ಪೊಟ್ಟಣದ ಜತೆ ಒಂದು ಚೀಟಿ ಇಟ್ಟರೆ ಸಾಕು.