ಚಪ್ಪಲಿ ಕಾಯುವ ಹುಡುಗ

ಹಾಸನ ಜಿಲ್ಲೆಯ ಆಟಗಾರರ ಮಾತು ಬಂದರೆ ಮೊದಲು ಕೇಳಿಬರುವ ಹೆಸರು ಜಾವಗಲ್ ಶ್ರೀನಾಥ್. ಸಹಜವೇ. 236 ಟೆಸ್ಟ್ ವಿಕೆಟ್ ಪಡೆದು, ಅರಸೀಕೆರೆ ತಾಲ್ಲೂಕಿನ ಒಂದು ಊರಿನ ಹೆಸರನ್ನು ಲೋಕಕ್ಕೆಲ್ಲ ಕೇಳಿಸಿದವರು. ಆದರೆ ಅವರು ಹುಟ್ಟಿದ್ದು, ಓದಿದ್ದು ಮೈಸೂರಿನಲ್ಲಿ. ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಮತ್ತೊಬ್ಬರನ್ನು ನಾವು ಬಹಳ ಬೇಗ ಮರೆತೆವೆಂಬುದು ನನ್ನ ಆಕ್ಷೇಪ.

ಅವರು ಅರಕಲಗೂಡು ತಾಲ್ಲೂಕಿನ ಎಚ್.ಎನ್. ಗಿರೀಶ. ಎಡಗಾಲಿನ ಊನದೊಂದಿಗೇ ಹುಟ್ಟಿದವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ದೊರೆತದ್ದು ಅದೊಂದೇ ಪದಕ. ಚಿನ್ನ ಗೆದ್ದ ಫಿಜಿಯ ಇಲೀಸಾ ಡೆಲಾನ ಜಿಗಿದದ್ದೂ ಅಷ್ಟೇ ಎತ್ತರ. 2013ರಲ್ಲಿ ಗಿರೀಶರಿಗೆ ಪದ್ಮಶ್ರೀ ಬಂತು.

ಅವರು ಜಿಗಿದದ್ದು ಕತ್ತರಿ ಶೈಲಿಯಲ್ಲಿ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡಿಕ್ ಫಾಸ್ಬರಿ ಬೆನ್ನು ಕೆಳಗಾಗಿಸಿ ದಾಟಿ ಗೆದ್ದ ಮೇಲೆ ಜಗತ್ತೇ ಆ ಕ್ರಮವನ್ನು ಹಿಡಿಯಿತು. ಆದರೆ ಅದಕ್ಕೆ ದಪ್ಪನೆಯ ಹಾಸಿಗೆ ಬೇಕು. ನಮ್ಮ ಶಾಲೆಗಳಲ್ಲಿದ್ದದ್ದು ಎರಡು ಬಿದಿರಿನ ಗಳ, ಒಂದು ಹಗ್ಗ, ಒಂದು ಮರಳುಗುಂಡಿ. ಅಲ್ಲಿ ಬೆನ್ನ ಮೇಲೆ ಬಿದ್ದವನ ಗತಿ ಏನು? ಕತ್ತರಿಯಂತೆ ಕಾಲೆತ್ತಿ ದಾಟಿ, ಕಾಲ ಮೇಲೆಯೇ ಇಳಿಯಬೇಕು. ಅದು ಬಡಶಾಲೆಗಳ ಜಿಗಿತ.

ಆ ಸುದ್ದಿ ಓದಿದ ದಿನ ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಹೊಳೆನರಸೀಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ ಪೋಲಿಯೋದಿಂದ ಒಂದು ಕಾಲು ಸೊರಗಿದ್ದ ವಿದ್ಯಾರ್ಥಿಯೊಬ್ಬನಿದ್ದ. ಆಟದ ಪೀರಿಯಡ್ಡಿನಲ್ಲಿ ಹೊಂಗೆಮರದ ಕೆಳಗೆ ಕುಳಿತು ಎಲ್ಲರ ಚಪ್ಪಲಿ ಕಾಯುವುದು ಅವನ ಕೆಲಸ. ಅದನ್ನು ನಾವು ಕರುಣೆಯೆಂದೇ ತಿಳಿದಿದ್ದೆವು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವನೊಬ್ಬನೇ ಹಗ್ಗ ಕಟ್ಟಿಕೊಂಡು ಜಿಗಿಯುತ್ತಿದ್ದ. "ಬಿದ್ದರೆ ಯಾರಯ್ಯ ಹೊಣೆ?" ಎಂದು ಗದರಿಸಿದೆ. "ದಾಟಿದೆ ಸಾರ್" ಎಂದಷ್ಟೇ ಅಂದು ಹಗ್ಗ ಬಿಚ್ಚಿದ. ಎಷ್ಟು ಎತ್ತರವೆಂದು ಲೆಕ್ಕದ ಮೇಷ್ಟ್ರಾದ ನಾನು ಅಳೆಯಲೇ ಇಲ್ಲ. (ಪರೀಕ್ಷೆ ಹತ್ತಿರವಾದಾಗ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕಸಿದುಕೊಂಡವರಲ್ಲಿಯೂ ನಾನೇ ಮೊದಲಿಗ.)

ಗೆದ್ದವರಿಗೆ ಹಾಸನದಿಂದ ಚನ್ನರಾಯಪಟ್ಟಣದವರೆಗೆ ಫ್ಲೆಕ್ಸ್ ಕಟ್ಟಲು ನಾವು ಸದಾ ಸಿದ್ಧ. ಅದಕ್ಕಿಂತ ಹೋಬಳಿ ಮಟ್ಟದ ಕ್ರೀಡಾಕೂಟದ ಪಟ್ಟಿಯಲ್ಲಿ ಇಂಥ ಮಕ್ಕಳ ಹೆಸರನ್ನೂ ಬರೆಯುವುದು ಅಗತ್ಯವೆಂದು ನನ್ನ ಮತ. 2016ರ ರಿಯೋ ಕೂಟದಲ್ಲಿ ಇದೇ ಸ್ಪರ್ಧೆಯಲ್ಲಿ ತಮಿಳುನಾಡಿನ ಹಳ್ಳಿಯ ಮಾರಿಯಪ್ಪನ್ ತಂಗವೇಲು 1.89 ಮೀಟರ್ ಜಿಗಿದು ಚಿನ್ನ ತಂದರು. ಅಂಥವರನ್ನು ನಮ್ಮ ಜಿಲ್ಲೆಯಲ್ಲಿ ಹುಡುಕಲು ದೂರ ಹೋಗಬೇಕಿಲ್ಲ. ಆಟದ ಹೊತ್ತಿಗೆ ಶಾಲೆಗೆ ಹೋಗಿ, ಮರದ ಕೆಳಗೆ ಯಾರು ಕುಳಿತಿದ್ದಾರೆಂದು ನೋಡಿದರಾಯಿತು.