ಕೆಂಪು ಬಳಿಯೋ ಮೊದಲು ಗೆರೆ ಎಲ್ಲಿ ಎಳೆದ್ರಿ, ಅದನ್ನ ಹೇಳ್ರಿ

ಎಕ್ಸೆಲ್ ಹಾಳೆಯಲ್ಲಿ ಅಂಕಿ ಬದಲಾದ ಹಾಗೆ ಸೆಲ್ಲಿನ ಬಣ್ಣ ತಾನೇ ಬದಲಾಗೋ ಹಾಗೆ ಮಾಡೋದು ಈಗ ಯಾರಿಗೂ ಕಷ್ಟದ ಕೆಲಸ ಅಲ್ಲ. ಹೋಮ್ ಟ್ಯಾಬ್, ಕಂಡೀಷನಲ್ ಫಾರ್ಮ್ಯಾಟಿಂಗ್, ಒಂದು ನಂಬರ್ ಕೊಡಿ, ಬಣ್ಣ ಆರಿಸಿ, ಮುಗೀತು. ಎಕ್ಸೆಲ್ 2003ರ ತನಕ ಒಂದು ಸೆಲ್ಲಿಗೆ ಮೂರೇ ಷರತ್ತು ಹಾಕಬಹುದಿತ್ತು. 2007ರಲ್ಲಿ ಆ ಮಿತಿ ಹೋಯ್ತು, ಜೊತೆಗೆ ಕಲರ್ ಸ್ಕೇಲ್, ಐಕಾನ್ ಸೆಟ್ ಅಂತ ಬಂದ್ವು. ಅಲ್ಲಿಂದ ಶುರುವಾಯ್ತು ನೋಡಿ ಓಕುಳಿ! ಮೀಟಿಂಗಿಗೆ ಹೋಗೋ ಹಾಳೆ ಅಂದ್ರೆ ಕೆಂಪು, ಹಳದಿ, ಹಸಿರು ಇರಲೇಬೇಕು. ಅಂಕಿ ಯಾರೂ ಓದಲ್ಲ. ಕೆಂಪು ಎಲ್ಲಿದೆಯೋ ಅಲ್ಲಿಯವರನ್ನ ಎಬ್ಬಿಸಿ ನಿಲ್ಲಿಸಿ ಬೈಯೋದು, ಅಷ್ಟೇ.

ಬಣ್ಣ ಹಾಕೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಸಾವಿರ ಸಾಲಿನ ಹಾಳೆಯಲ್ಲಿ ಬಣ್ಣ ಕಣ್ಣಿಗೆ ದೊಡ್ಡ ಉಪಕಾರ. ನನ್ನ ತಕರಾರು ಇಷ್ಟೇ: ಬಣ್ಣ ಎಲ್ಲರಿಗೂ ಕಾಣ್ತದೆ, ಅದನ್ನ ಹಚ್ಚಿದ ನಿಯಮ ಯಾರಿಗೂ ಕಾಣಲ್ಲ. ಆ ನಿಯಮ ಬರೆದವನು ಮನುಷ್ಯ. ಬೈಸಿಕೊಳ್ಳುವಾಗ ಮಾತ್ರ "ಕಂಪ್ಯೂಟರ್ರೇ ಕೆಂಪು ತೋರಿಸ್ತಿದೆ" ಅಂತ ಕೇಳಬೇಕು.

ಬಾಗಲಕೋಟೆಯವರಿಗೆ ಇದನ್ನ ಬಿಡಿಸಿ ಹೇಳೋದೇನೂ ಬೇಕಾಗಿಲ್ಲ. ನಾವು ಎಕ್ಸೆಲ್ ನೋಡೋ ಮೊದಲೇ ಗೆರೆ ನೋಡಿದವರು. ಆಲಮಟ್ಟಿಯಲ್ಲಿ 519.60 ಮೀಟರ್ ತನಕ ನೀರು ನಿಲ್ಲಿಸೋಕೆ 2000ದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್ ಅಂದಿತು. ಈಗ ಊರು, ಹೊಲಗಳ ಮಟ್ಟ ಬರೆದ ಒಂದು ಹಾಳೆ ಇದೆ ಅಂತ ಇಟ್ಟುಕೊಳ್ಳಿ. "519.60ಕ್ಕಿಂತ ಕಡಿಮೆ ಇದ್ರೆ ಕೆಂಪು" ಅನ್ನೋ ನಿಯಮ ತೆಗೆದು "524.256ಕ್ಕಿಂತ ಕಡಿಮೆ" ಅಂತ ಹಾಕಿ. ಒಂದು ಹೊಲ ಅಲುಗಾಡಿಲ್ಲ, ಒಂದು ಮನೆ ಒಂದಿಂಚು ಕೆಳಗೆ ಇಳಿದಿಲ್ಲ. ಆದ್ರೂ ಹಾಳೆ ತುಂಬ ಕೆಂಪು. ಬದಲಾಗಿದ್ದು ನಿಯಮದೊಳಗಿನ ನಾಲ್ಕೂವರೆ ಚಿಲ್ಲರೆ ಮೀಟರ್ ಮಾತ್ರ. ಆ ಗೆರೆಗಾಗಿ ರಾಜ್ಯ ರಾಜ್ಯಗಳೇ ವರ್ಷಗಟ್ಟಲೆ ವಾದ ಮಾಡಿದ್ವು. ಹಾಗಿದ್ದ ಮೇಲೆ ನಿಮ್ಮ ಹಾಳೆಯ ಗೆರೆಯನ್ನ ನಾವು ಕೇಳಲೇಬಾರದೇ?

ಇನ್ನೊಂದು ನೋಡಿ. ಎಸ್ಸೆಸ್ಸೆಲ್ಸಿ ಪಾಸಾಗೋಕೆ ಬಹಳ ವರ್ಷ 35 ಪರ್ಸೆಂಟ್ ಬೇಕಿತ್ತು. 2025-26ನೇ ಸಾಲಿನಿಂದ ಒಟ್ಟು 33 ಪರ್ಸೆಂಟ್, ಪ್ರತಿ ವಿಷಯದಲ್ಲಿ ಕನಿಷ್ಠ 30 ಅಂತ ಆಯ್ತು. 34 ಪರ್ಸೆಂಟ್ ತೆಗೆದ ಹುಡುಗಿ ಹಳೇ ನಿಯಮದಲ್ಲಿ ಕೆಂಪು, ಹೊಸದರಲ್ಲಿ ಹಸಿರು. ಹುಡುಗಿ ಅದೇ, ಅಂಕ ಅದೇ. ಈಗ ಹೇಳಿ, ಹಳೇ ಫೈಲನ್ನೇ ಕಾಪಿ ಮಾಡಿ ಹೊಸ ಹೆಸರು ಕೊಡೋರು ನಿಯಮದೊಳಗೆ ಹೂತಿರೋ ಆ 35ನ್ನ ತೆಗೆದು ನೋಡ್ತಾರಾ?

ಖಾಲಿ ಸೆಲ್ಲಿನ ಕಥೆ ಇನ್ನೂ ಮಜಾ. ಎಕ್ಸೆಲ್ಲಿನಲ್ಲಿ "35ಕ್ಕಿಂತ ಕಡಿಮೆ ಇದ್ರೆ ಕೆಂಪು" ಅಂದ್ರೆ ಖಾಲಿ ಸೆಲ್ಲೂ ಕೆಂಪಾಗ್ತದೆ, ಯಾಕಂದ್ರೆ ಅದು ಖಾಲಿಯನ್ನ ಸೊನ್ನೆ ಅಂತ ತಿಳೀತದೆ. ಅದೇ ಸೆಲ್ಲಿನಲ್ಲಿ "ಗೈರು" ಅಂತ ಬರೆದು, "35ಕ್ಕಿಂತ ಹೆಚ್ಚಿದ್ರೆ ಹಸಿರು" ಅಂತ ಹಾಕಿ ನೋಡಿ, ಹಸಿರಾಗ್ತದೆ! ಅಕ್ಷರಗಳು ಎಲ್ಲ ಅಂಕಿಗಿಂತ ದೊಡ್ಡವು ಅಂತ ಅದರ ಲೆಕ್ಕ. ಅಂದ್ರೆ ಪರೀಕ್ಷೆಗೇ ಬಾರದ ಹುಡುಗ ಪಾಸು, ಇನ್ನೂ ಅಂಕ ತುಂಬದ ಹುಡುಗ ಫೇಲು. ಇಂಥ ಹಾಳೆ ನೋಡಿ ಮೇಷ್ಟ್ರಿಗೆ ನೋಟಿಸು ಕೊಟ್ರೆ ಅದಕ್ಕೆ ಏನನ್ನೋಣ?

ಎಲ್ಲಕ್ಕಿಂತ ದೊಡ್ಡ ಮೋಸ ಕಲರ್ ಸ್ಕೇಲಿನದು. ಸುಮ್ಮನೆ ಒಂದು ಉದಾಹರಣೆ (ನಿಜವಾದ ಅಂಕಿ ಅಲ್ಲ): ಬಾಗಲಕೋಟೆ 94, ಬಾದಾಮಿ 93, ಹುನಗುಂದ 92, ಇಳಕಲ್ 91. ಹಸಿರು-ಹಳದಿ-ಕೆಂಪು ಸ್ಕೇಲನ್ನ ಹಾಗೇ ಹಾಕಿದ್ರೆ ಇಳಕಲ್ ಕಡುಗೆಂಪು. 91 ಕೆಟ್ಟದ್ದಾ? ಅಲ್ಲವೇ ಅಲ್ಲ. ಆದ್ರೆ ಸ್ಕೇಲು ಇದ್ದುದರಲ್ಲೇ ಚಿಕ್ಕದಕ್ಕೆ ಕೆಂಪು, ದೊಡ್ಡದಕ್ಕೆ ಹಸಿರು ಹಚ್ಚೇ ಹಚ್ತದೆ. ಎಲ್ಲರೂ ಚೆನ್ನಾಗಿ ಮಾಡಿದ್ರೂ ಒಬ್ಬ ಕೆಂಪಾಗಲೇಬೇಕು. ಎಲ್ಲರೂ ಕೆಟ್ಟದಾಗಿ ಮಾಡಿದ್ರೂ ಒಬ್ಬ ಹಸಿರಾಗಿ ಬೀಗ್ತಾನೆ. 2017ರ ಬಜೆಟ್ಟಿನಲ್ಲಿ ಘೋಷಣೆಯಾಗಿ ಇಳಕಲ್ ಹುನಗುಂದದಿಂದ ಬೇರೆ ತಾಲೂಕಾಯ್ತು. ಒಂದೇ ಸಾಲಿದ್ದಲ್ಲಿ ಎರಡು ಸಾಲು. ಹಾಗೆ ಸಾಲು ಒಡೆದ್ರೆ ಸಾಕು, ಚಿಕ್ಕದು ದೊಡ್ಡದು ಬದಲಾಗಿ ಉಳಿದವರ ಬಣ್ಣವೂ ಬದಲಾಗಬಹುದು, ಅವರು ಏನೂ ಮಾಡದಿದ್ರೂ!

ಬಣ್ಣ ಎಷ್ಟನ್ನ ಮುಚ್ಚಿಡ್ತದೆ ಅನ್ನೋದನ್ನ 2020ರಲ್ಲಿ ದೇಶವೇ ನೋಡಿತು. ಏಪ್ರಿಲ್ 30ರ ಕೇಂದ್ರದ ಪಟ್ಟಿಯಲ್ಲಿ ಇಡೀ ಬಾಗಲಕೋಟೆ ಜಿಲ್ಲೆ ಕಿತ್ತಳೆ. ಜಿಲ್ಲೆಗೆ ಒಂದೇ ಸೆಲ್ಲು, ಒಂದೇ ಬಣ್ಣ. ಮೇ ಮೊದಲ ವಾರದಲ್ಲಿ ಬಾದಾಮಿ ತಾಲೂಕಿನ ಢಾಣಕಶಿರೂರು ಒಂದೇ ಊರಲ್ಲಿ ಹತ್ತಕ್ಕೂ ಹೆಚ್ಚು ಜನಕ್ಕೆ ಕೊರೋನಾ ಬಂತು. ಆ ಊರಿಗೂ ಕಿತ್ತಳೆ, ದೂರದ ಇಳಕಲ್ಲಿಗೂ ಕಿತ್ತಳೆ. ಆ ಪಟ್ಟಿಯ ಒಂದು ಒಳ್ಳೆ ಗುಣ ಮಾತ್ರ ಹೇಳಲೇಬೇಕು. ಹಸಿರು ಅಂದ್ರೆ 21 ದಿನ ಒಂದೂ ಹೊಸ ಕೇಸ್ ಇರಬಾರದು ಅಂತ ಬಾಯಿಬಿಟ್ಟು ಹೇಳಿತ್ತು. ಗೆರೆ ಗೊತ್ತಿದ್ರಿಂದ ಜನ ಅದರ ಜೊತೆ ಜಗಳ ಆಡಬಹುದಿತ್ತು. ನಿಮ್ಮ ಮೀಟಿಂಗ್ ಹಾಳೆಗೆ ಅಷ್ಟೂ ಇಲ್ಲ.

"ಸಾಹೇಬ್ರಿಗೆ ಟೈಮಿಲ್ಲ ರೀ, ಬಣ್ಣ ಇದ್ರೆ ಬೇಗ ತಿಳೀತದ" ಅಂತೀರಿ. ಒಪ್ಪಿದೆ. ಬೇಗ ತಿಳಿಯೋದು ಬೇರೆ, ತಪ್ಪಾಗಿ ಬೇಗ ತಿಳಿಯೋದು ಬೇರೆ. ಟೈಮಿಲ್ಲದವರಿಗೇ ಸರಿಯಾದ ಬಣ್ಣ ಹೆಚ್ಚು ಬೇಕು, ಯಾಕಂದ್ರೆ ಅವರು ಕೆಳಗಿನ ಅಂಕಿ ನೋಡೋದೇ ಇಲ್ಲ.

ನಾನು ಕೇಳೋದು ನಾಲ್ಕೇ ನಾಲ್ಕು:

1. ಮಿತಿಯ ಅಂಕಿಯನ್ನ ನಿಯಮದೊಳಗೆ ಹೂಳಬೇಡಿ. ಹಾಳೆಯ ಮೇಲ್ಗಡೆ ಒಂದು ಸೆಲ್ಲಿನಲ್ಲಿ ಎಲ್ಲರಿಗೂ ಕಾಣೋ ಹಾಗೆ ಬರೀರಿ, ನಿಯಮ ಆ ಸೆಲ್ಲನ್ನ ನೋಡಲಿ. ಮಿತಿ ಬದಲಾದ್ರೆ ಅಲ್ಲೊಂದೇ ಕಡೆ ತಿದ್ದಿದ್ರೆ ಸಾಕು.

2. ಖಾಲಿ ಸೆಲ್ಲಿಗೂ "ಗೈರು" ಅನ್ನೋದಕ್ಕೂ ಬೇರೆ ನಿಯಮ ಮಾಡಿ, ಬೂದು ಬಣ್ಣ ಕೊಡಿ, ಅದನ್ನೇ ಎಲ್ಲಕ್ಕಿಂತ ಮೇಲಿಡಿ. "ಸ್ಟಾಪ್ ಇಫ್ ಟ್ರೂ" ಗುರುತು ಹಾಕಿ. "ಮಾಹಿತಿ ಇಲ್ಲ" ಅನ್ನೋದು "ಫೇಲ್" ಅಲ್ಲ.

3. ಕಲರ್ ಸ್ಕೇಲ್ ಹಾಕಲೇಬೇಕಾ? ಹಾಗಾದ್ರೆ ಅದರ ತುದಿಗಳನ್ನ ಕನಿಷ್ಠ-ಗರಿಷ್ಠಕ್ಕೆ ಬಿಡದೆ, ನಂಬರ್ ಅಂತ ಆರಿಸಿ 0, 100 ಕೊಡಿ. ಆಗ 91 ಮತ್ತು 94 ಹೆಚ್ಚುಕಮ್ಮಿ ಒಂದೇ ಬಣ್ಣದಲ್ಲಿ ಕಾಣ್ತವೆ. ನಿಜವೂ ಅದೇ ತಾನೇ!

4. ಪಕ್ಕದ ಕಾಲಮ್ಮಿನಲ್ಲಿ "ಕಡಿಮೆ", "ಸರಿ" ಅಂತ ಕನ್ನಡದಲ್ಲಿ ಒಂದು ಮಾತು ಬರಲಿ. ಕಪ್ಪು ಬಿಳುಪು ಝೆರಾಕ್ಸ್ ಮಾಡಿಸಿದ್ರೆ ನಿಮ್ಮ ಕೆಂಪು, ಹಸಿರು ಎರಡೂ ಬೂದಿ. ಕೆಂಪು ಹಸಿರು ಬೇರೆ ಮಾಡಿ ನೋಡೋಕಾಗದ ಕಣ್ಣುಗಳೂ ಇವೆ, ಅವರೂ ಅದೇ ಮೀಟಿಂಗಿನಲ್ಲಿ ಕೂತಿರ್ತಾರೆ.

ಇದಕ್ಕೆಲ್ಲ ಹತ್ತು ನಿಮಿಷ ಸಾಕು. ಮಾಡಲ್ಲ ಅನ್ನೋರಿಗೆ ನನ್ನ ಅನುಮಾನ ಒಂದೇ: ಗೆರೆ ತೋರಿಸಿದ್ರೆ ಜನ ಪ್ರಶ್ನೆ ಕೇಳ್ತಾರೆ ಅನ್ನೋ ಭಯ.

ಅಂದಹಾಗೆ, ನಮ್ಮ ಕಡೆ ಕೆಂಪು ಅಂದ್ರೆ ಕೆಟ್ಟದ್ದು ಅಂತ ಯಾರು ಹೇಳಿದ್ದು? ಬಾದಾಮಿಯ ಬಂಡೆ ಕೆಂಪು, ಇಳಕಲ್ ಗ್ರಾನೈಟು ಕೆಂಪು, ಇಳಕಲ್ ಸೀರೆಯ ಸೆರಗೂ ಕೆಂಪು :) ಆದ್ರೆ ಆ ಸೆರಗಿನ ಹಾಸು ಒಡಲಿನ ಹಾಸಿಗೆ ಎಲ್ಲಿ ಸೇರ್ತದೆ ಅಂತ ನೇಕಾರರಿಗೆ ಗೊತ್ತಿರ್ತದೆ. ಅದಕ್ಕೆ ಕೊಂಡಿ ಅಂತ ಹೆಸರೂ ಇಟ್ಟಿದ್ದಾರೆ. ನಿಮ್ಮ ಹಾಳೆಯಲ್ಲಿ ಹಸಿರು ಮುಗಿದು ಕೆಂಪು ಶುರುವಾಗೋ ಜಾಗ ಯಾವುದು? ಅಷ್ಟು ಹೇಳಿ, ಆಮೇಲೆ ಬೈಯಿರಿ.